ಮುಂಗೋಡೆಯೊಂದೇ ಸಾಲದು, ಹಿಂದಿನ ಕೋಣೆಯೂ ಉಳಿಯಲಿ

ಲಂಡನ್ನಿನಲ್ಲಿ ಬೀದಿಯ ಕಡೆಯ ಗೋಡೆಯನ್ನು ಉಕ್ಕಿನ ಚೌಕಟ್ಟಿಗೆ ಬಿಗಿದು ನಿಲ್ಲಿಸಿ, ಹಿಂದಿನದ್ದನ್ನೆಲ್ಲ ಕೆಡವಿ, ಅಲ್ಲಿ ಫ್ಲ್ಯಾಟು, ಆಫೀಸು ಕಟ್ಟುವುದು ಸಾಮಾನ್ಯ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಗಾರೆಯ ಮಹಡಿ ಅಂಗಡಿ ಹಳತಾಯಿತೆಂದರೆ ಜೆಸಿಬಿ ಬರುತ್ತದೆ, ಜಾಗ ಬಯಲಾಗುತ್ತದೆ. ನಮ್ಮ ರೀತಿ ನೋಡಿ ಸಂಕಟವಾಗುತ್ತದೆ. ಹಾಗಂತ ಅವರದ್ದನ್ನು ಇದ್ದಂತೆಯೇ ತರಬೇಕು ಎಂದು ನಾನು ಹೇಳಲಾರೆ.

ಕಾರಣವಿದೆ. ಲಂಡನ್ನಿನ ಕೆಲೆಡೋನಿಯನ್ ರಸ್ತೆಯ ವಿದ್ಯಾರ್ಥಿ ನಿಲಯವೊಂದಕ್ಕೆ 2013ರಲ್ಲಿ ಬ್ರಿಟನ್ನಿನ ಅತಿ ಕೆಟ್ಟ ಹೊಸ ಕಟ್ಟಡವೆಂಬ ಅಣಕು ಪ್ರಶಸ್ತಿ ‘ಕಾರ್ಬಂಕಲ್ ಕಪ್’ ಬಂತು. ಹಳೆ ಮುಂಗೋಡೆಯನ್ನು ಉಳಿಸಿದ್ದರು, ಆದರೆ ಅದರ ಕಿಟಕಿಗೂ ಹೊಸ ಕೋಣೆಗಳ ಕಿಟಕಿಗೂ ಹೊಂದಿಕೆಯೇ ಇರಲಿಲ್ಲ. ಕಿಟಕಿ ತೆರೆದರೆ ಎದುರಿಗೆ ಇಟ್ಟಿಗೆಯ ಬೆನ್ನು.

ನಮ್ಮೂರಲ್ಲೂ ಲೆಕ್ಕ ಇಲ್ಲೇ ತಪ್ಪುತ್ತದೆ. ಹಳೆ ಕಟ್ಟಡದ ಒಂದೊಂದು ಅಂತಸ್ತು 15 ಅಡಿ ಎಂದಿಟ್ಟುಕೊಳ್ಳಿ, ಎರಡಕ್ಕೆ 30. ಮಾಲೀಕರಿಗೆ ಅಷ್ಟರಲ್ಲೇ 10 ಅಡಿಯ ಮೂರು ಅಂತಸ್ತು ಬೇಕು. ಮೇಲಿನ ಕಿಟಕಿ ಹದಿನೇಳೂವರೆ ಅಡಿಯಿಂದ ಇಪ್ಪತ್ಮೂರೂವರೆವರೆಗೆ ಇದ್ದರೆ, 20 ಅಡಿಗೆ ಬರುವ ಸ್ಲ್ಯಾಬು ಅದರ ನಡು ಸೀಳುತ್ತದೆ. ಆಮೇಲೆ ಕಿಟಕಿಗೆ ಇಟ್ಟಿಗೆ ತುಂಬುವುದೊಂದೇ ದಾರಿ.

ಅದಕ್ಕೇ ನನ್ನ ಮಾತು: ಗೋಡೆಯ ಜೊತೆ ಅದರ ಹಿಂದಿನ ಮೊದಲ ಕೋಣೆಯನ್ನೂ, 12 ಅಡಿಯಷ್ಟಾದರೂ, ಉಳಿಸಿ. ಮುಂಗೋಡೆ, ಎರಡು ಪಕ್ಕದ ಗೋಡೆ, ಹಿಂದೊಂದು ಅಡ್ಡಗೋಡೆ ಸೇರಿದರೆ ಪೆಟ್ಟಿಗೆಯಾಯಿತು. ಒಂದೂವರೆ ಅಡಿ ದಪ್ಪದ, 30 ಅಡಿ ಎತ್ತರದ ಒಂಟಿ ಗೋಡೆ ಗಾಳಿಗೆ ಹೆದರುತ್ತದೆ, ಪೆಟ್ಟಿಗೆ ಅಷ್ಟು ಹೆದರುವುದಿಲ್ಲ. ದುಬಾರಿ ಉಕ್ಕಿನ ಚೌಕಟ್ಟಿನ ಖರ್ಚೂ ಬಹುಪಾಲು ಉಳಿಯುತ್ತದೆ. ಮುಂದಿನ ಭಾಗದಲ್ಲಿ, 15 ಅಡಿಯ ಅಂತಸ್ತುಗಳಲ್ಲೇ, ಆಫೀಸು ಇರಲಿ, ಎಸಿ ಕೊಳವೆಗೂ ವೈರಿಂಗಿಗೂ ಆ ಎತ್ತರ ಅನುಕೂಲ. ಹಿಂದೆ 10 ಅಡಿ ಲೆಕ್ಕದಲ್ಲಿ ಫ್ಲ್ಯಾಟು. 30 ಅಡಿಗೆ ಎರಡೂ ಸಮ ಬರುತ್ತವೆ. ಆಫೀಸಿಗೂ ಮನೆಗಳಿಗೂ ಮೆಟ್ಟಿಲು ಬೇರೆಬೇರೆ ಇರಬೇಕು. ಕಾರುಗಳು ಹಿಂದಿನ ಗಲ್ಲಿಯಿಂದ ಬರಲಿ, ಪಾರ್ಕಿಂಗಿಗೆಂದು ಮುಂಗೋಡೆಗೆ ಬಾಯಿ ತೆರೆದರೆ ಉಳಿಸಿದ್ದೇ ದಂಡ.

ಹಳತು, ಹೊಸತರ ನಡುವೆ ಎರಡು ಇಂಚು ಸಂದು ಬಿಡಿ. ಹಳೆ ಪಾಯ ಎಂದೋ ಕೂತಾಗಿದೆ, ಹೊಸದು ಇನ್ನೂ ಕೂರಬೇಕು. ಎರಡನ್ನೂ ಸರಳು ಹಾಕಿ ಬಿಗಿದರೆ ಹೊಸ ಕಟ್ಟಡ ಹಳೆಯದಕ್ಕೆ ಜೋತುಬೀಳುತ್ತದೆ, ಕಿಟಕಿಯ ಕಮಾನಿನ ನೆತ್ತಿಯಿಂದ ಬಿರುಕು ಹೊರಡುತ್ತದೆ. ಸಂದಿನ ಮೇಲೆ ಜಾರುವ ತಗಡು ಹಾಕಿ, ಮಳೆನೀರು ಅದರೊಳಗೆ ಇಳಿಯದಂತೆ ಇಳಿಜಾರು ಕೊಡಿ.

ಕೆಡವುವಾಗ ಅವಸರ ಬೇಡ. ಕತ್ತರಿಸುವ ಗೆರೆಗೆ ಹತ್ತು ಅಡಿಗಿಂತ ಹತ್ತಿರ ಯಂತ್ರ ಬರಕೂಡದು, ಅಲ್ಲಿ ಕೈಗೆಲಸವೇ ಆಗಬೇಕು, ಮಾಳಿಗೆಯಿಂದ ಕೆಳಕ್ಕೆ. ತೊಲೆಯನ್ನು ಎಳೆದು ಕೀಳಬೇಡಿ. ಗೋಡೆಯೊಳಗೆ ಕೂತ ತುದಿಯ ಸುತ್ತ ಗಾರೆ ಪುಡಿಪುಡಿಯಾಗಿರುತ್ತದೆ, ಎಳೆದರೆ ನಾಲ್ಕು ವರಸೆ ಇಟ್ಟಿಗೆ ಜೊತೆಗೇ ಬರುತ್ತವೆ. ಗರಗಸದಿಂದ ಕೊಯ್ದು ತುದಿಯನ್ನು ಅಲ್ಲೇ ಬಿಟ್ಟು, ಆಮೇಲೆ ಒಂದೊಂದಾಗಿ ತೆಗೆದು ಗೂಡು ತುಂಬಿ.

ಅತಿ ದೊಡ್ಡ ಅಪಾಯ ಪಾಯದ್ದು, ಅದರಲ್ಲೂ ಎರೆಮಣ್ಣಿದ್ದ ಕಡೆ. ಪಕ್ಕದಲ್ಲೇ ಆಳದ ಗುಂಡಿ ತೋಡಿ ಬಿಸಿಲಿಗೆ ಬಿಟ್ಟರೆ ಮಣ್ಣು ಒಣಗಿ ಕುಗ್ಗುತ್ತದೆ, ಕಲ್ಲಿನ ಪಾಯ ಕುಸಿಯುತ್ತದೆ. ಹಳೆ ಪಾಯದ ಕೆಳಗೆ ಕಾಂಕ್ರೀಟು ಕೊಡಲೇಬೇಕಾದರೆ ಒಂದೊಂದು ಮೀಟರಿನ ತುಂಡಿನಲ್ಲಿ ಕೊಡಿ: ಮೊದಲು 1, 3, 5ನೇ ತುಂಡು, ಅವು ಗಟ್ಟಿಯಾದ ಮೇಲೆ 2, 4. ಕಾಂಕ್ರೀಟಿಗೂ ಹಳೆ ಪಾಯಕ್ಕೂ ನಡುವೆ ಮೂರು ಇಂಚು ಖಾಲಿ ಬಿಟ್ಟು, ಮಾರನೇ ದಿನ ನೀರು ತೀರಾ ಕಡಿಮೆಯಿರುವ ಗಟ್ಟಿ ಗಾರೆಯನ್ನು ಬಡಿದು ತುಂಬಬೇಕು. ಕೆಲಸ ನಡೆಯುವಷ್ಟು ದಿನವೂ ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಜಿಪ್ಸಂ ಮೆತ್ತಿ ಅಂಟಿಸಿ, ತಾರೀಖು ಬರೆದಿಡಿ. ಗಾಜು ಒಡೆದ ದಿನ ಕೆಲಸ ನಿಲ್ಲಬೇಕು.

ಹಳೆ ಗೋಡೆಗೆ ಸಿಮೆಂಟ್ ಗಿಲಾವು ಬೇಡವೇ ಬೇಡ. ತೇವ ಒಳಗೇ ಸಿಕ್ಕಿಬಿದ್ದು ಉಪ್ಪೇಳುತ್ತದೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಸಾಕು.

ಲಂಡನ್ನಿನಿಂದ ನಿಜಕ್ಕೂ ತರಬೇಕಾದ್ದು ಇನ್ನೊಂದಿದೆ. ಅಲ್ಲಿನ 1996ರ ಪಾರ್ಟಿ ವಾಲ್ (ಇಬ್ಬರ ನಡುವಿನ ಗೋಡೆ) ಕಾಯಿದೆಯಂತೆ, ನೆರೆಯವರ ಕಟ್ಟಡದಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ಅಗೆಯುವುದಾದರೆ ಒಂದು ತಿಂಗಳು ಮೊದಲೇ ನೋಟಿಸು ಕೊಡಬೇಕು. ಪಕ್ಕದ ಗೋಡೆಯ ಬಿರುಕುಗಳ ಫೋಟೊ, ಅಳತೆ ಮೊದಲೇ ದಾಖಲಿಸಿಕೊಳ್ಳುತ್ತಾರೆ. ಮಂಡಿಪೇಟೆಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡಿವೆ, ಎಷ್ಟೋ ಕಡೆ ನಡುವಿನ ಗೋಡೆ ಒಂದೇ. ಗುದ್ದಲಿ ಹಾಕುವ ಮೊದಲು ಎರಡೂ ಮನೆಯವರು ಎಂಜಿನಿಯರ್ ಜೊತೆ ನಿಂತು, ಯಾವ ಬಿರುಕು ಎಷ್ಟು ಮಿಲಿಮೀಟರ್ ಎಂದು ಬರೆದು, ಅದಕ್ಕೆ ಇಬ್ಬರೂ ಸಹಿ ಹಾಕಲಿ.