ಎದೆಹಾಲಿನ ಲೆಕ್ಕವನ್ನು ಬಾಣಂತಿಯ ಹತ್ತಿರ ಕೇಳಬೇಡಿ

ನಿನ್ನೆಯಿಂದ ತಲೆ ಬಿಸಿಯಾಗಿದೆ. ತಂಗಿಯ ಬಾಣಂತನ ನಡೆಯುತ್ತಿದೆ ಅಂತ ನಿಮಗೆಲ್ಲ ಗೊತ್ತಲ್ವಾ, ಮಗುವಿಗೆ ಈಗ ನಲವತ್ತು ದಿನ. ನೋಡಲು ಬಂದ ನೆಂಟರೊಬ್ಬರು ಮೊಬೈಲ್ ತೆಗೆದು, "ಈಗಿನ ತಾಯಂದಿರ ಹಾಲಲ್ಲಿ ವಿಷ ಇದೆಯಂತೆ ಮಾರಾಯ್ತಿ, ಡಬ್ಬಿ ಹಾಲೇ ಒಳ್ಳೆಯದು" ಅಂದರು. ರಾತ್ರಿ ಮಗು ಅತ್ತಾಗ ಹಾಲು ಕೊಡಲು ಅವಳು ಹಿಂಜರಿದಳು. ಅದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ.

ಇದೇನು ಹೊಸ ಸುದ್ದಿಯಲ್ಲ. 1951ರಲ್ಲೇ ಅಮೆರಿಕದಲ್ಲಿ ಎದೆಹಾಲಿನಲ್ಲಿ ಡಿಡಿಟಿ ಅನ್ನುವ ಕೀಟನಾಶಕ ಕಂಡಿತ್ತು. ಯಾವುದು ಹಾಲಿಗೆ ಇಳಿಯುತ್ತದೆ ಅಂತ ಮೊದಲೇ ಅಂದಾಜು ಮಾಡುವ ಲೆಕ್ಕವೂ ಇದೆ. ಆ ವಸ್ತು ಕೊಬ್ಬಿನಲ್ಲಿ ಎಷ್ಟು ಕರಗುತ್ತದೆ, ರಕ್ತದ ಪ್ರೋಟೀನಿಗೆ ಎಷ್ಟು ಅಂಟಿಕೊಳ್ಳುತ್ತದೆ, ಅದರ ಅಣು ಎಷ್ಟು ದೊಡ್ಡದು, ಮೈಯಿಂದ ಹೊರಹೋಗಲು ಎಷ್ಟು ಕಾಲ ಬೇಕು, ಇಷ್ಟನ್ನು ನೋಡುತ್ತಾರೆ. ಎದೆಹಾಲಿನಲ್ಲಿ ಸುಮಾರು ಶೇ. 4 ಕೊಬ್ಬು. ಡಿಡಿಟಿ, ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಪಿಸಿಬಿ ರಾಸಾಯನಿಕದಂಥವು ವರ್ಷಗಟ್ಟಲೆ ತಾಯಿಯ ಮೈಯ ಕೊಬ್ಬಿನಲ್ಲಿ ಕೂತು, ಹಾಲಿನ ಕೊಬ್ಬಿನ ಜೊತೆ ಬರುತ್ತವೆ. ಮಗು ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿ ಕುಡಿಯುತ್ತದೆ ಅಂತ ಹಿಡಿದು, ಹಾಲಿನಲ್ಲಿರುವ ಪ್ರಮಾಣದಿಂದ ಗುಣಿಸಿದರೆ ಅದರ ಹೊಟ್ಟೆಗೆ ಹೋಗುವುದೂ ಗೊತ್ತಾಗುತ್ತದೆ.

ಅಂದರೆ ಸಿಂಪಡಿಸುವ ಮೊದಲೇ ಹೇಳಬಹುದು! ನನ್ನ ಸಿಟ್ಟು ಇಲ್ಲೇ. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಲೆಕ್ಕ ಕೇಳಬೇಕಾದ್ದು ಸುರಿಯುವವರ ಹತ್ತಿರ. ಬಾಣಂತಿ ಕೋಣೆಗೆ ಬಂದು ಕೇಳುವುದಾ?

ತಾಯಂದಿರಿಗೂ ಗೊತ್ತಿರಬೇಡವಾ ಅಂತೀರಿ. ಗೊತ್ತಿರಲಿ. ಆದರೆ ಇಷ್ಟು ವರ್ಷದಲ್ಲಿ ಮೈಗೆ ಸೇರಿದ್ದನ್ನು ಅವಳು ಒಂದು ವಾರ ಪಥ್ಯ ಮಾಡಿ ತೆಗೆಯಲು ಆಗುತ್ತದಾ? ವಿಶ್ವ ಆರೋಗ್ಯ ಸಂಸ್ಥೆ ಇದೆಲ್ಲ ಗೊತ್ತಿದ್ದೇ ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅನ್ನುತ್ತದೆ. ಡಬ್ಬಿ ಪುಡಿ ಕಲಸುವುದೂ ನಮ್ಮದೇ ಬಾವಿ ನೀರಿನಲ್ಲಿ ಅಲ್ವಾ.

ಯಾರಿಗೂ ಹೇಳದ ಒಂದು ಮಾತು ಇದೆ. ನನ್ನ ದೊಡ್ಡವನಿಗೆ ಮೂರು ತಿಂಗಳಾದಾಗ ಇಂಥದ್ದೇ ಮಾತು ಕೇಳಿ ನಾನು ಹಾಲು ನಿಲ್ಲಿಸಿದ್ದೆ. ಎದೆ ಕಟ್ಟಿ ಜ್ವರ ಬಂತು, ಅವನು ಪಕ್ಕದಲ್ಲಿ ಅಳುತ್ತಿದ್ದ. ಆ ಅಳು ಈಗಲೂ ಕೇಳುತ್ತದೆ.

ಸ್ವೀಡನ್ನಿನಲ್ಲಿ 1967ರಿಂದ 1997ರವರೆಗೆ ಎದೆಹಾಲು ಪರೀಕ್ಷೆ ಮಾಡಿದರು. ಡಿಡಿಟಿ, ಪಿಸಿಬಿ ಎರಡೂ ತುಂಬಾ ಇಳಿದಿದ್ದವು. ಅಲ್ಲಿ ನಿಲ್ಲಿಸಿದ್ದು ಆ ರಾಸಾಯನಿಕಗಳನ್ನು. ಹಾಲು ಕೊಡುವುದನ್ನಲ್ಲ.

ಆ ನೆಂಟರು ಭಾನುವಾರ ಪುನಃ ಬರುತ್ತಾರಂತೆ. ಅವತ್ತು ನಾನು ತಂಗಿಯ ಪಕ್ಕದಲ್ಲೇ ಕೂತಿರುತ್ತೇನೆ.