ಎಷ್ಟಿವೆ ಅನ್ನೋದಲ್ಲ, ಎಲ್ಲಿವೆ ಅನ್ನೋದು

ಕ್ಯಾನ್ಸರ್ ಬಗೆಗಿನ ನಿಮ್ಮ ಲೇಖನದಲ್ಲಿ ‘ಗೆಡ್ಡೆಯಲ್ಲಿ ರೋಗನಿರೋಧಕ ಕೋಶಗಳು ಹೆಚ್ಚಿದ್ದಷ್ಟೂ ರೋಗಿಗೆ ಒಳ್ಳೆಯದು’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಷ್ಟು ಸಲೀಸಲ್ಲ ಸ್ವಾಮಿ. ಕರುಳಿನ ಕ್ಯಾನ್ಸರಿನ ಎಷ್ಟೋ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಸಿಡಿ8 ಟಿ ಕೋಶಗಳು ಅನ್ನುವ ರೋಗನಿರೋಧಕ ಕೋಶಗಳು ಗೆಡ್ಡೆಯ ಅಂಚಿನ ನಾರುನಾರಾದ ಅಂಗಾಂಶದಲ್ಲೇ ಗುಂಪುಗಟ್ಟಿ ನಿಂತಿರುತ್ತವೆ. ಒಳಗೆ ಕ್ಯಾನ್ಸರ್ ಕೋಶಗಳ ನಡುವೆ ಹುಡುಕಿದರೆ ಒಂದೋ ಎರಡೋ. ಹೀಗೆ ಹೊರಗೇ ತಡೆದು ನಿಲ್ಲಿಸುವುದರಲ್ಲಿ ಟಿಜಿಎಫ್-ಬೀಟಾ ಅನ್ನುವ ಪ್ರೋಟೀನಿನ ಕೈವಾಡ ದೊಡ್ಡದು. ಫ್ರಾನ್ಸಿನ ಸಂಶೋಧಕ ಜೆರೋಮ್ ಗಾಲೋನ್ ತಂಡ 2006ರಲ್ಲೇ ಗೆಡ್ಡೆಯ ನಡುಭಾಗ, ಅಂಚು ಎರಡನ್ನೂ ಬೇರೆಬೇರೆಯಾಗಿ ಅಳೆದು ನೋಡಿದ್ದು ಸುಮ್ಮನೆ ಅಲ್ಲ. ಇನ್ನು ಮ್ಯಾಕ್ರೋಫೇಜ್ ಅನ್ನುವ, ಕಸ ನುಂಗುವ ರೋಗನಿರೋಧಕ ಕೋಶಗಳಲ್ಲಿ ಕೆಲವು ಗೆಡ್ಡೆಗೇ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಅವನ್ನೂ ನಮ್ಮ ಪಕ್ಷದ ಲೆಕ್ಕಕ್ಕೇ ಸೇರಿಸೋದಾ?

ಟಿ ಕೋಶಗಳ ಮೇಲಿನ ತಡೆ ತೆಗೆಯುವ ಡೋಸ್ಟಾರ್ಲಿಮ್ಯಾಬ್ ಔಷಧಿಯ 2022ರ ಸುದ್ದಿಯನ್ನು ನೀವು ಎಲ್ಲರಿಗೂ ಅನ್ವಯಿಸುವಂತೆ ಬರೆದಿರುವುದಂತೂ ಸರಿಯಲ್ಲ. ಗುದನಾಳದ ಕ್ಯಾನ್ಸರಿಗೆ ಆ ಔಷಧಿ ಪಡೆದ 12 ಮಂದಿಯಲ್ಲೂ ಗೆಡ್ಡೆ ಕಾಣದಂತಾದದ್ದು ನಿಜ, ಆದರೆ ಅವರೆಲ್ಲರ ಗೆಡ್ಡೆಯಲ್ಲೂ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿತ್ತು. ತಪ್ಪುಗಳು ಹಾಗೇ ಉಳಿದು ವಿಚಿತ್ರ ಪ್ರೋಟೀನುಗಳು ಹುಟ್ಟುವುದರಿಂದಲೇ ಟಿ ಕೋಶಗಳಿಗೆ ಅಂಥ ಗೆಡ್ಡೆಯ ಗುರುತು ಸುಲಭವಾಗಿ ಸಿಗುತ್ತದೆ. ಬೇರೆ ಅಂಗಗಳಿಗೆ ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ಈ ಬಗೆ ಸುಮಾರು ಶೇ 5 ಮಾತ್ರ. ಮಿಕ್ಕವರಲ್ಲಿ ಇದೇ ಥರದ ಔಷಧಿ ಒಂಟಿಯಾಗಿ ಕೊಟ್ಟರೆ ಹೆಚ್ಚಿನವರಿಗೆ ಪ್ರಯೋಜನವಾಗಿಲ್ಲ. ಗೆಡ್ಡೆಯಲ್ಲಿ ಈ ದೋಷ ಇದೆಯೇ ಎಂದು ಪತ್ತೆಹಚ್ಚುವ ಎಂಎಸ್‌ಐ ಪರೀಕ್ಷೆಯ ಹೆಸರೇ ಎತ್ತದೆ ಹೀಗೆ ಬರೆದರೆ, ಓದಿದವರು ನಾಳೆ ಡಾಕ್ಟರ ಮುಂದೆ ಕೂತು ಪರೀಕ್ಷೆ ಬಿಟ್ಟು ಔಷಧಿಯನ್ನೇ ಕೇಳುತ್ತಾರೆ.