35 ಸೆಂಟಿಮೀಟರ್ ಸಂಸ್ಕೃತಿ

2009ರಲ್ಲಿ ರೋಮ್‌ನ ಹೋಟೆಲೊಂದರಲ್ಲಿ ಜಪಾನಿನ ಜೋಡಿಯೊಂದು ಊಟಕ್ಕೆ ಕೂತಿತು. ಬಿಲ್ಲು ಬಂತು, 695 ಯೂರೋ. ಅದರಲ್ಲಿ ನೂರಕ್ಕೂ ಜಾಸ್ತಿ ಬರೀ ಟಿಪ್ಸು. ಗಲಾಟೆಯಾಯಿತು, ಹೋಟೆಲಿಗೆ ಬೀಗ ಬಿತ್ತು. ಪ್ರವಾಸೋದ್ಯಮ ಮಂತ್ರಿಗಳು, 'ಸರ್ಕಾರದ ಖರ್ಚಿನಲ್ಲಿ ಇನ್ನೊಮ್ಮೆ ಬನ್ನಿ' ಎಂದು ಕರೆದರು. ಇಟಲಿ ಜನರ ತೆರಿಗೆ ದುಡ್ಡಿನಲ್ಲಿ ನಮಗ್ಯಾಕೆ ಪ್ರವಾಸ ಎಂದು ಆ ಜೋಡಿ ಬೇಡವೆಂದಿತು. ಇಟಲಿಯ ಬೊಕ್ಕಸದ ಬಗ್ಗೆ ಇಷ್ಟು ಮರುಗಿದವರು ಇಟಲಿಯಲ್ಲೂ ಸಿಗುವುದು ಕಷ್ಟ.

ಹಾಗಾಗಿ ಈ ಅಂಕಣದ ಜಪಾನಿ ಅತಿಥಿ ರೋಮ್‌ನಲ್ಲಿ ಇಳಿಯುವುದೇ ಇಲ್ಲ. ನಾನು ಕಲ್ಪಿಸಿಕೊಂಡ ಮನುಷ್ಯ, ನಿಜ. ಆದರೂ ಜೇಬು ಜೇಬೇ ಅಲ್ವಾ? ಸೀದಾ ದಕ್ಷಿಣಕ್ಕೆ, ನೇಪಲ್ಸ್‌ಗೆ. ಸ್ಟೇಷನ್ನಿನಲ್ಲಿ ಗೈಡ್ ಕಾಯುತ್ತಿದ್ದಾನೆ, ಕೈಯಲ್ಲಿ ಅಳತೆ ಟೇಪು.

"ಅಸಲಿ ಪಿಜ್ಜಾ ಅಂದರೆ 35 ಸೆಂಟಿಮೀಟರ್ ದಾಟಬಾರದು ಸಿನ್ಯೋರ್. ಅಂಚು ಒಂದರಿಂದ ಎರಡು ಸೆಂಟಿಮೀಟರ್ ಉಬ್ಬಿರಬೇಕು. ನಡುವೆ ನಾಲ್ಕು ಮಿಲಿಮೀಟರ್ ದಪ್ಪ. ಒಲೆ 485 ಡಿಗ್ರಿ. ಒಳಗಿಟ್ಟು 60ರಿಂದ 90 ಸೆಕೆಂಡಿನಲ್ಲಿ ತೆಗೆಯಬೇಕು."

ಅವನು ತಮಾಷೆ ಮಾಡುತ್ತಿಲ್ಲ. ಇದೆಲ್ಲ 2010ರ ಯುರೋಪಿಯನ್ ಯೂನಿಯನ್ ನಿಯಮದಲ್ಲಿ ಅಚ್ಚಾಗಿದೆ. ಅಸಲಿ ಪಿಜ್ಜಾ ಕಾಯಲು 1984ರಲ್ಲೇ ಅಲ್ಲೊಂದು ಸಂಘ ಹುಟ್ಟಿದೆ. 2017ರಲ್ಲಿ ಪಿಜ್ಜಾ ತಟ್ಟುವ ಕಲೆಗೆ ಯುನೆಸ್ಕೋದ ಪರಂಪರೆ ಪಟ್ಟಿಯ ಮುದ್ರೆ ಬಿತ್ತು. ಅದೂ ಸಾಲದೆ 2025ರ ಡಿಸೆಂಬರ್‌ನಲ್ಲಿ, ನಮ್ಮ ದೆಹಲಿಯ ಕೆಂಪುಕೋಟೆಯಲ್ಲಿ ಸಭೆ ಕೂತು, ಇಡೀ ಇಟಲಿಯ ಅಡುಗೆಯನ್ನೇ ಪಟ್ಟಿಗೆ ಸೇರಿಸಲಾಯಿತು. ಹುಡುಗನ ಜಾತಕ ಇಷ್ಟು ಸಲ ನೋಡಿದ್ದರೆ ಯಾವ ಮದುವೆಯೂ ಆಗುತ್ತಿರಲಿಲ್ಲ.

"ನಮ್ಮ ಅಡುಗೆಗೆ 2013ರಲ್ಲೇ ಸಿಕ್ಕಿದೆ" ಎಂದರು ಅತಿಥಿ, ತಲೆ ಬಾಗಿಸಿ. ಗೈಡ್ ಕೇಳಿಸದವನಂತೆ ಟೊಮ್ಯಾಟೊಗೆ ಹಾರಿದ. ಸಾನ್ ಮಾರ್ಜಾನೋ ಟೊಮ್ಯಾಟೊ. ವೆಸುವಿಯಸ್ ಬೆಟ್ಟದ ಬೂದಿ ಬಿದ್ದ ಮಣ್ಣಿನಲ್ಲೇ ಬೆಳೆಯಬೇಕು, ಮಣ್ಣೇ ಎಲ್ಲ. ಅತಿಥಿ ಪುಸ್ತಕ ತೆಗೆದು ಬರೆದುಕೊಂಡರು. ಟೊಮ್ಯಾಟೊ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು ಅನ್ನುವುದನ್ನು ಗೈಡೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಪಾಪ, ಅತಿಥಿ ಆಮೇಲೆ ಒಂದೇ ಒಂದು ಆಸೆ ಹೇಳಿಕೊಂಡರು. ಊರಲ್ಲಿ ಚಿಕ್ಕಂದಿನಿಂದ ತಿಂದ 'ನಾಪೊರಿತಾನ್', ಅಂದರೆ 'ನೇಪಲ್ಸಿನದು', ಅದನ್ನು ಹೆಸರಿನ ತವರಲ್ಲೇ ತಿನ್ನಬೇಕಂತೆ. ಅಸಲಿಗೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಯೊಕೊಹಾಮಾದಲ್ಲಿ ಹುಟ್ಟಿದ ಸ್ಪಗೆಟ್ಟಿ ಅದು: ಕೆಚಪ್, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಸಾಸೇಜ್. ಕೆಚಪ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗೈಡ್ ಕುರ್ಚಿ ಹಿಡಿದು ಕೂತ. ನೀರು ಕುಡಿಸಬೇಕಾಯಿತು. ಆ ಸ್ಥಿತಿಯಲ್ಲಿ ಅವನಿಗೆ, 2010ರಲ್ಲಿ ನೇಪಲ್ಸ್‌ನಲ್ಲೇ ನಡೆದ ಪಿಜ್ಜಾ ಸ್ಪರ್ಧೆಯಲ್ಲಿ ಗೆದ್ದದ್ದು ನಗೊಯಾದ ಒಬ್ಬ ಜಪಾನಿ ಎಂದು ನೆನಪಿಸುವುದು ಮನುಷ್ಯತ್ವ ಆಗುತ್ತಿರಲಿಲ್ಲ.

ಮುಂದಿನ ಊರು ಪೂಲಿಯಾ ಪ್ರಾಂತ್ಯದ ಬಾರಿ. ಹಳೇ ಊರಿನ ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಮರದ ಹಲಗೆ ಹಾಕಿಕೊಂಡು ಒರೆಕ್ಕಿಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾ ಮಾಡುತ್ತಾರೆ. ರವೆಹಿಟ್ಟಿನ ಕಣಕವನ್ನು ಹುರಿಯಂತೆ ಹೊಸೆದು, ಬೆರಳುಗುರಿನಷ್ಟು ಕತ್ತರಿಸಿ, ಚಾಕುವಿನ ಮೊಂಡು ತುದಿಯಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿ ರೆಡಿ. ಅಜ್ಜಿಯರು ಹಲಗೆ ನೋಡುವುದೇ ಇಲ್ಲ. ಪಕ್ಕದ ಮನೆಯವಳ ಜೊತೆ ಮಾತಾಡುತ್ತಲೇ ನೂರು ಕಿವಿ ಉದುರಿಸುತ್ತಾರೆ. ಪ್ರವಾಸಿಗರು ಮುಗಿಬಿದ್ದು ಫೋಟೋ ತೆಗೆಯುತ್ತಾರೆ.

ಇದೇ ಊರಲ್ಲಿ 2019ರ ಅಕ್ಟೋಬರ್‌ನಲ್ಲಿ ಪೊಲೀಸರು ಒಂದು ಹೋಟೆಲಿಗೆ ನುಗ್ಗಿದರು. ಸಿಕ್ಕಿದ ಮಾಲು: ಮೂರು ಕಿಲೋ ಒರೆಕ್ಕಿಯೆತ್ತೆ. ಅಪರಾಧ: ಎಲ್ಲಿಂದ ಬಂತೆಂಬ ಚೀಟಿ ಇಲ್ಲ. ಮಾಲೀಕನಿಗೆ ದಂಡ, ಪಾಸ್ತಾ ಕಸದ ಬುಟ್ಟಿಗೆ. ಅಜ್ಜಿ ಮಾಡಿದ್ದನ್ನು ನೀವು ಒಂದು ಪೊಟ್ಟಣ ಮನೆಗೆ ಒಯ್ದರೆ ಪರಂಪರೆ. ಅದನ್ನೇ ಹೋಟೆಲಿನವನು ಕೊಂಡು ಬೇಯಿಸಿದರೆ ಕಳ್ಳಮಾಲು. ಅಜ್ಜಿ ಇನ್ನು ಬಾರ್‌ಕೋಡ್ ಹಚ್ಚಿಸಿಕೊಂಡು ಕೂರಬೇಕು.

ಇಷ್ಟು ಚೀಟಿ ಕೇಳುವವರು, ಅದೇ ಬಾರಿಯ ಬಂದರಿಗೆ ಕೆನಡಾದಿಂದ ಗೋಧಿ ತುಂಬಿಕೊಂಡು ಬರುವ ಹಡಗಿಗೆ ಸುಮ್ನೆ ದಾರಿ ಬಿಡುತ್ತಾರೆ. ಅದರ ಕಾಗದಪತ್ರ ಸರಿಯಿದೆ, ಸಾಕು.

ಬಾರಿಯಿಂದ ವಾಪಸಾಗುವಾಗ ಫೊಜ್ಜಾ ಬಯಲಲ್ಲಿ ಗೈಡ್ ಯಾಕೋ ಕಾರು ಜೋರಾಗಿ ಓಡಿಸಿದ. ಅಲ್ಲಿ ಆಫ್ರಿಕಾದಿಂದ ಬಂದವರು ಸುಡು ಬಿಸಿಲಲ್ಲಿ ಟೊಮ್ಯಾಟೊ ಕೀಳುತ್ತಾರೆ. 300 ಕಿಲೋ ಹಿಡಿಯುವ ಪೆಟ್ಟಿಗೆ ತುಂಬಿಸಿದರೆ ಕೆಲವೇ ಯೂರೋ, ಅದರಲ್ಲೂ ಮೇಸ್ತ್ರಿಗೆ ಪಾಲು. ಮಲಗುವುದು ತಗಡು ಶೆಡ್ಡಿನಲ್ಲಿ. ಈ ಮೇಸ್ತ್ರಿಗಳ ವಿರುದ್ಧ 2016ರಲ್ಲಿ ಕಾನೂನು ಬಂದಿದೆ, ಶೆಡ್ಡುಗಳು ಹಾಗೇ ಇವೆ. ವೆಸುವಿಯಸ್‌ನ ಮಣ್ಣಿಗೆ ಸರ್ಟಿಫಿಕೇಟು ಉಂಟು. ಇಲ್ಲಿ ಹಣ್ಣು ಕಿತ್ತ ಕೈಯನ್ನು ಅಳೆಯಲು ಯಾರೂ ಟೇಪು ತರಲಿಲ್ಲ.

ಕೊನೆಗೆ ನೇಪಲ್ಸ್‌ನಲ್ಲಿ, ರೈಲಿಗೆ ಮುಂಚೆ, ಕೌಂಟರಿನ ಮುಂದೆ ನಿಂತು ಎಸ್ಪ್ರೆಸೊ. ಇದಕ್ಕೂ ಯುನೆಸ್ಕೋ ಮುದ್ರೆ ಒತ್ತಿಸಲು ಈ ಊರು ಓಡಾಡಿದ್ದುಂಟು. "ಇದು ನಮ್ಮ ರಕ್ತ" ಎಂದು ಗೈಡ್ ಎದೆ ಮುಟ್ಟಿಕೊಂಡ. ಭಾರತದ ಕಾಫಿಗೆ ಅತಿ ದೊಡ್ಡ ಗಿರಾಕಿ ಇಟಲಿ. ಭಾರತ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ರೋಬಸ್ಟಾ ತಳಿಯ ಬೀಜ ಇಲ್ಲದೆ ನೇಪಲ್ಸಿನ ಕಾಫಿಗೆ ಆ ಗಟ್ಟಿ ನೊರೆ ಬರುವುದಿಲ್ಲ. ಕೊಡಗಿನವರು ಬೇಕಾದರೆ ಆ ರಕ್ತದ ಗುಂಪು ಯಾವುದೆಂದು ಹೇಳಿಯಾರು.

"ಬೀಜ ಯಾವ ಮಣ್ಣಿನದು?" ಎಂದು ಕೇಳಿದರು ಅತಿಥಿ.

"ಮಣ್ಣಲ್ಲೇನಿದೆ ಸಿನ್ಯೋರ್? ಹುರಿಯೋದರಲ್ಲಿ ಇರೋದು!"

ಅತಿಥಿ ತಲೆದೂಗಿ ಪುಸ್ತಕ ತೆಗೆದು ಬರೆದುಕೊಂಡರು: ಮಣ್ಣು, ಟೊಮ್ಯಾಟೊಗೆ ಬೇಕು, ಕಾಫಿಗೆ ಬೇಡ. ಯಾರು ತೀರ್ಮಾನಿಸುತ್ತಾರೆ, ಯಾವ ಕಚೇರಿಯಲ್ಲಿ, ವಿಚಾರಿಸುವುದು.